ಬೈಕಿನ ಮೇಲೆ ಎಷ್ಟು ಹೊರೆ?

ಬೈಕಿನ ಹಿಂದೆ ಡೇರೆ ಕಟ್ಟಿಕೊಂಡು ಕಾಡು, ಬೆಟ್ಟ, ಕಡಲತೀರ ಎಂದು ಸುತ್ತುವ ಹುಚ್ಚು ನಮ್ಮ ಯುವಕರಲ್ಲಿ ಕೆಲವು ವರ್ಷಗಳಿಂದ ಚೆನ್ನಾಗಿಯೇ ಬೆಳೆದಿದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಸಕಲೇಶಪುರ, ಚಿಕ್ಕಮಗಳೂರು, ಆಗುಂಬೆಗಳ ದಾರಿ ಹಿಡಿಯುವ ಗುಂಪುಗಳನ್ನು ನೀವೂ ನೋಡಿರುತ್ತೀರಿ. ಎರಡೂ ಬದಿಗೆ ಪೆಟ್ಟಿಗೆ, ಹಿಂದೊಂದು ಗಂಟು, ಮುಂದೆ ಪೆಟ್ರೋಲ್ ಕ್ಯಾನು, ಹ್ಯಾಂಡಲ್ಲಿಗೆ ಮೊಬೈಲು. ಹಿರಿಯರು ಇದನ್ನು ದುಡ್ಡಿನ ಮದ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ನನಗೆ ಹಾಗೆ ತಳ್ಳಿಹಾಕಲು ಮನಸ್ಸಿಲ್ಲ. ಅಂಥ ಪ್ರಯಾಣಕ್ಕೆ ಬೈಕನ್ನು ಸಜ್ಜುಗೊಳಿಸಲು ಕುಳಿತವನ ಮುಂದೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಏನನ್ನು ಹೊತ್ತುಕೊಳ್ಳಬೇಕು, ಏನನ್ನು ಬಿಟ್ಟು ಹೊರಡಬೇಕು? ಇದು ಗ್ಯಾರೇಜಿನ ಪ್ರಶ್ನೆಯಂತೆ ಕಾಣುತ್ತದೆ. ಸ್ವಲ್ಪ ಕೆದಕಿದರೆ ಮನುಷ್ಯ ಮನುಷ್ಯನನ್ನು ಎಷ್ಟು ನಂಬುತ್ತಾನೆ ಎಂಬ ಪ್ರಶ್ನೆ ಅದರಡಿಯಲ್ಲಿ ಇದೆ.

ಮೊದಲು ಗಾಡಿಯ ಮಾತು. ಡಾಂಬರು ರಸ್ತೆಯಲ್ಲೂ ಕಲ್ಲುಮಣ್ಣಿನ ದಾರಿಯಲ್ಲೂ ದೂರ ಹೋಗಬಲ್ಲ ದೊಡ್ಡ ಬೈಕೆಂದರೆ ಲೋಕಕ್ಕೆ ನೆನಪಾಗುವುದು ಜರ್ಮನಿಯ ಬಿಎಂಡಬ್ಲ್ಯು 1980ರಲ್ಲಿ ಹೊರತಂದ ಆರ್ 80 ಜಿಎಸ್. ನಮ್ಮಲ್ಲಿ 2011ರಲ್ಲಿ ಹೀರೋ ಕಂಪನಿ ಇಂಪಲ್ಸ್ ಎಂಬ ಗಾಡಿ ತಂದಾಗ ಅದನ್ನು ಕೊಳ್ಳುವವರು ಹೆಚ್ಚಿರಲಿಲ್ಲ. 2016ರಲ್ಲಿ ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ ಬಂದ ಮೇಲೆ ಕತೆ ಬದಲಾಯಿತು. 411 ಸಿಸಿ ಎಂಜಿನ್, 15 ಲೀಟರಿನ ಟ್ಯಾಂಕು, ನೆಲದಿಂದ 220 ಮಿಲಿಮೀಟರ್ ಎತ್ತರ, ಮುಂದೆ 21 ಇಂಚಿನ ಚಕ್ರ. ಕಡ್ಡಿಚಕ್ರ, ಒಳಗೆ ಟ್ಯೂಬು. 2019ರಲ್ಲಿ ಹೀರೋದ ಎಕ್ಸ್‌ಪಲ್ಸ್ 200, 2022ರಲ್ಲಿ ಯೆಜ್ಡಿ ಹೆಸರಿನಲ್ಲೇ ಒಂದು ಅಡ್ವೆಂಚರ್ ಬಂದವು. ಯೆಜ್ಡಿ ಎಂದರೆ ನಮ್ಮ ಮೈಸೂರಿನವರಿಗೆ ಕರುಳಿನ ಸಂಬಂಧ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಅಲ್ಲೇ ಇತ್ತು. ಹೊಸ ಯೆಜ್ಡಿ ಮಾತ್ರ ಮೈಸೂರಿನದಲ್ಲ, ಅದು ಬೇರೆ ವಿಷಯ. 2023ರ ಕೊನೆಗೆ ಹಿಮಾಲಯನ್ ಕೂಡ 452 ಸಿಸಿಯದಾಗಿ, 17 ಲೀಟರಿನ ಟ್ಯಾಂಕಿನೊಂದಿಗೆ ಹೊಸದಾಯಿತು. ತೂಕ 196 ಕಿಲೋ. ಇಷ್ಟು ತೂಕದ ಗಾಡಿ ಕಲ್ಲಿನ ದಾರಿಯಲ್ಲಿ ಮಗುಚಿದರೆ ಒಬ್ಬನೇ ಎತ್ತುವುದು ಕಷ್ಟ. ಅದರ ಮೇಲೆ ಇನ್ನು ಸಾಮಾನು.

ಸಾಮಾನು ಕಟ್ಟುವುದಕ್ಕೂ ಒಂದು ವಿದ್ಯೆ ಇದೆ. ಭಾರವಾದದ್ದು ತಗ್ಗಿನಲ್ಲಿರಬೇಕು, ಗಾಡಿಯ ನಡುವಿಗೆ ಹತ್ತಿರವಿರಬೇಕು, ಎರಡೂ ಬದಿಗೆ ಸಮನಾಗಿರಬೇಕು. ಸ್ಪ್ಯಾನರು, ಟ್ಯೂಬು, ನೀರು, ಅಡುಗೆಯ ಪಾತ್ರೆ ಕೆಳಗಿನ ಚೀಲಗಳಿಗೆ. ಮಲಗುವ ಚೀಲ, ಬಟ್ಟೆಯಂಥ ಹಗುರ ವಸ್ತು ಮೇಲಕ್ಕೆ. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ ಭಾರ ಜಾರಿತೋ, ಮುಂದಿನ ಚಕ್ರ ಹಗುರಾಗಿ ಏರುದಾರಿಯಲ್ಲಿ ಹ್ಯಾಂಡಲ್ಲು ತೊಯ್ದಾಡುತ್ತದೆ. ಹೊರೆ ಹೆಚ್ಚಿದಂತೆ ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಬಿಗಿ ಮಾಡಬೇಕು, ಟೈರಿನ ಗಾಳಿ ಏರಿಸಬೇಕು. ಅಲ್ಯೂಮಿನಿಯಂ ಪೆಟ್ಟಿಗೆ ನೋಡಲು ಚೆಂದ, ಬೀಗ ಹಾಕಬಹುದು, ಅದರ ಮೇಲೆ ಕುಳಿತು ಚಹಾ ಕುಡಿಯಬಹುದು. ಆದರೆ ಪೆಟ್ಟಿಗೆಗಳು, ಅವುಗಳನ್ನು ಹಿಡಿಯುವ ಕಬ್ಬಿಣದ ಚೌಕಟ್ಟು ಸೇರಿ ಖಾಲಿ ಇರುವಾಗಲೇ ಹತ್ತು ಹದಿನೈದು ಕಿಲೋ ತೂಗುತ್ತವೆ. ಮರಳಿನಲ್ಲಿ ಗಾಡಿ ಮಲಗಿದರೆ ಕಾಲು ಪೆಟ್ಟಿಗೆಯಡಿ ಸಿಕ್ಕಿ ಮುರಿಯುವ ಭಯವೂ ಇದೆ. ಬಟ್ಟೆಯ ಚೀಲಕ್ಕೆ ಆ ಗಟ್ಟಿತನವಿಲ್ಲ, ಬಿದ್ದಾಗ ಅದು ಬಗ್ಗುತ್ತದೆ. ಬಲ್ಲವರು ಕೊನೆಗೆ ಚೀಲಕ್ಕೇ ಮರಳುತ್ತಾರೆ.

ಒಂದು ಕ್ಲಚ್ ಕೇಬಲ್ಲು ಹೆಚ್ಚಿಗೆ ಬೇಕು. ಅದನ್ನು ಚೀಲದಲ್ಲಿಡುವ ಬದಲು ಹಳೆಯ ಕೇಬಲ್ಲಿನ ಪಕ್ಕದಲ್ಲೇ ಹಾಯಿಸಿ ಕಟ್ಟಿಬಿಟ್ಟರೆ ಮಳೆಯಲ್ಲಿ ಟ್ಯಾಂಕು ಬಿಚ್ಚುವ ಕಷ್ಟ ತಪ್ಪುತ್ತದೆ. ಸ್ಪ್ಯಾನರುಗಳ ಪೂರ್ತಿ ಸೆಟ್ಟು ಬೇಡ; ನಿಮ್ಮ ಗಾಡಿಯ ನಟ್ಟು ಬೋಲ್ಟುಗಳಿಗೆ ಹೊಂದುವ ಐದಾರು ಸಾಕು. ಟೈರ್ ಬಿಚ್ಚುವ ಎರಡು ಲಿವರು, ಪ್ಯಾಚು, ಕೈಪಂಪು. ಬಿಗಿಯಾದ ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸಲು ಇನ್ನೊಂದು ಬೈಕಿನ ಸೈಡ್ ಸ್ಟ್ಯಾಂಡನ್ನು ಅದರ ಮೇಲೆ ಒತ್ತಬೇಕು. ಇಲ್ಲಿ ಸ್ವಲ್ಪ ನಿಲ್ಲಿ: ಈ ಉಪಾಯಕ್ಕೆ ಇನ್ನೊಂದು ಬೈಕು ಬೇಕು, ಅಂದರೆ ಇನ್ನೊಬ್ಬ ಮನುಷ್ಯ ಬೇಕು.

ಕಟ್ಟುವ ಒಂದೊಂದು ವಸ್ತುವಿನ ಹಿಂದೆಯೂ ಒಂದೊಂದು ಭಯ ಇದೆ. ಪೆಟ್ರೋಲಿನದೇ ಲೆಕ್ಕ ನೋಡಿ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಟಾಂಡಿ ಎಂಬಲ್ಲಿ ಒಂದು ಪೆಟ್ರೋಲ್ ಬಂಕು. ಮುಂದಿನ ಬಂಕು 365 ಕಿಲೋಮೀಟರ್ ದೂರ ಎಂದು ಅಲ್ಲಿದ್ದ ಬೋರ್ಡಿನ ಎದುರು ನಿಂತು ಫೋಟೋ ತೆಗೆಸಿಕೊಳ್ಳದ ಸವಾರ ಇಲ್ಲವೆನ್ನಬಹುದು. ಹಳೆಯ ಹಿಮಾಲಯನ್ ಲೀಟರಿಗೆ 30 ಕಿ.ಮೀ. ಕೊಟ್ಟರೆ 15 ಲೀಟರಿಗೆ 450 ಆಯಿತು. ಹೊರೆ, ಚಳಿ, ಏರು ಸೇರಿ 25ಕ್ಕೆ ಇಳಿದರೂ 375. ಎರಡು ಲೀಟರಿನ ಒಂದು ಬಾಟಲಿ ಇದ್ದರೆ ಧೈರ್ಯಕ್ಕೆ ಸಾಕು. ಆದರೆ ಐದೈದು ಲೀಟರಿನ ಎರಡು ಕ್ಯಾನು ಕಟ್ಟಿದವರೇ ಹೆಚ್ಚು. ಮತ್ತೆ ಆ ಕ್ಯಾನುಗಳೇ ಬೈಕಿಗೆ ಒಡವೆಯಾಗಿ, ಮೈಸೂರು ರಸ್ತೆಯಲ್ಲಿ ಐದು ಕಿಲೋಮೀಟರಿಗೊಂದು ಬಂಕು ಇರುವಲ್ಲೂ ಇಳಿಯುವುದಿಲ್ಲ.

ಒಲೆಯ ವಿಷಯವೂ ಹೀಗೆ. ಚಿಕ್ಕ ಗ್ಯಾಸ್ ಡಬ್ಬಿಯಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅನಿಲವಾಗಲು ಒಲ್ಲೆ ಎನ್ನುತ್ತದೆ. ಹಿಮಾಲಯದ ರಾತ್ರಿಗಳಲ್ಲಿ ಒಲೆ ಸುಮ್ಮನೆ ಕಣ್ಣು ಮಿಟುಕಿಸಿ ಆರುತ್ತದೆ. 4,200 ಮೀಟರ್ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುವುದರಿಂದ ಬೇಳೆ ಎಷ್ಟು ಹೊತ್ತಾದರೂ ಬೇಯದು. ಅದಕ್ಕೆ ಪೆಟ್ರೋಲ್ ಒಲೆ, ಅದಕ್ಕೊಂದು ಪ್ರೆಷರ್ ಕುಕ್ಕರು ಎಂದು ಪಟ್ಟಿ ಬೆಳೆಯುತ್ತದೆ. ಅರ್ಧ ಗಂಟೆ ಮುಂದೆ ಒಂದು ಡಾಬಾದಲ್ಲಿ ಯಾರೋ ಕುಕ್ಕರಿನಲ್ಲಿ ಬೇಳೆ ಬೇಯಿಸಿಟ್ಟು ಗಿರಾಕಿಗಾಗಿ ಕಾಯುತ್ತಿರುವುದು ಈ ಪಟ್ಟಿಯಲ್ಲಿ ಸೇರುವುದಿಲ್ಲ.

ನಮ್ಮ ಕರಾವಳಿಯ ಮೀನಿನ ವ್ಯಾಪಾರಿ ತನ್ನ ಟಿವಿಎಸ್ ಎಕ್ಸೆಲ್ ಗಾಡಿಗೆ ಹೊರೆ ಕಟ್ಟುವುದನ್ನು ನೋಡಿ. ಮೀನಿನ ಪೆಟ್ಟಿಗೆ, ಮಂಜುಗಡ್ಡೆ, ತಕ್ಕಡಿ, ಪ್ಲಾಸ್ಟಿಕ್ ಹಾಳೆ, ಮೂರು ಊರಿಗೆ ಕೇಳುವ ಹಾರನ್ನು. ಅವನಿಗೆ ಯಾರೂ ಭಾರದ ಸಮತೋಲನ ಕಲಿಸಿಲ್ಲ. ಅವನ ಲೆಕ್ಕದಲ್ಲಿ ಭಯಕ್ಕೆ ಜಾಗವಿಲ್ಲ. ಜಾಗ ಉಳಿದರೆ ಇನ್ನೆರಡು ಕಿಲೋ ಬಂಗುಡೆ. ದಾರಿಯುದ್ದಕ್ಕೂ ಅವನಿಗೆ ಗುರುತಿನ ಮನೆಗಳಿವೆ. ಟೈರು ಪಂಕ್ಚರಾದರೆ ಗಾಡಿಯನ್ನು ಯಾರದೋ ಅಂಗಳದಲ್ಲಿ ನಿಲ್ಲಿಸಿ, ಯಾರದೋ ಸ್ಕೂಟರಿನಲ್ಲಿ ಹೋಗಿ ಬರುತ್ತಾನೆ.

ಯಾರ ಹಂಗೂ ಇಲ್ಲದಂತೆ ಬದುಕುವುದು ದೊಡ್ಡ ಗುಣ ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಅದರಲ್ಲಿ ಸತ್ಯ ಇಲ್ಲದಿಲ್ಲ. ಇನ್ನೊಬ್ಬರಿಗೆ ಭಾರವಾಗಬಾರದು ಎಂಬ ಸಂಕೋಚ ಒಳ್ಳೆಯದೇ. ಬಡವನ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ಅವನ ಮಕ್ಕಳ ಪಾಲಿನ ಅನ್ನ ಉಣ್ಣುವ ಪ್ರವಾಸಿ ಮೆಚ್ಚತಕ್ಕವನಲ್ಲ. ಆದರೆ ಭಾರವಾಗದಿರುವುದು ಬೇರೆ, ಯಾರೂ ಬೇಡವಾಗುವುದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದಲೇ ಇಂದಿನ ಸವಾರ ಒಂದು ಊರನ್ನು ಹಾದುಹೋಗುತ್ತಾನೆ, ಅಲ್ಲಿ ಮಲಗುತ್ತಾನೆ, ಸೂರ್ಯೋದಯದ ಫೋಟೋ ತೆಗೆಯುತ್ತಾನೆ. ಆ ಊರಿನ ಒಬ್ಬನ ಹೆಸರನ್ನೂ ಕೇಳದೆ ಹೊರಟುಹೋಗುತ್ತಾನೆ. ಕೇಳುವ ಅಗತ್ಯವೇ ಬೀಳುವುದಿಲ್ಲ. ಎಲ್ಲವೂ ಪೆಟ್ಟಿಗೆಯಲ್ಲಿದೆಯಲ್ಲ.

ಪೆಟ್ಟಿಗೆಯಲ್ಲಿ ಎಲ್ಲವೂ ಇರುವುದಿಲ್ಲ ಎಂಬುದಕ್ಕೆ ಈ ಹವ್ಯಾಸವನ್ನು ಲೋಕಕ್ಕೆಲ್ಲ ಹಬ್ಬಿಸಿದವರ ಕತೆಯೇ ಸಾಕ್ಷಿ. 2004ರಲ್ಲಿ ಇವಾನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಎಂಬ ಇಬ್ಬರು ನಟರು ಲಂಡನ್ನಿನಿಂದ ಪೂರ್ವಕ್ಕೆ ಹೊರಟು ನ್ಯೂಯಾರ್ಕ್ ತಲುಪಿದರು. ಆ ಪ್ರಯಾಣದ ಟಿವಿ ಸರಣಿಯನ್ನು ನೋಡಿಯೇ ಸಾವಿರಾರು ಜನ ಅಂಥ ಬೈಕು ಕೊಂಡರು. ದೊಡ್ಡ ಬಿಎಂಡಬ್ಲ್ಯು ಗಾಡಿಗಳು, ಲೋಹದ ಪೆಟ್ಟಿಗೆಗಳು, ಜೊತೆಗೆ ಸಹಾಯಕರ ಕಾರುಗಳು. ಆದರೂ ಮಂಗೋಲಿಯಾದಲ್ಲಿ ಅವರ ಕ್ಯಾಮರಾಮನ್‌ನ ಗಾಡಿ ಕೈಕೊಟ್ಟಾಗ ಅಲ್ಲೇ ಸಿಕ್ಕಿದ ರಷ್ಯಾದ ಅಗ್ಗದ ಇಜ್ ಬೈಕೊಂದು ಅವನನ್ನು ಮುಂದಕ್ಕೆ ಒಯ್ದಿತು. ಸೈಬೀರಿಯಾದ ಕೊಲಿಮಾ ರಸ್ತೆಯಲ್ಲಿ ತುಂಬಿ ಹರಿಯುವ ಹೊಳೆಗಳನ್ನು ಅವರ ಗಾಡಿಗಳು ದಾಟಿದ್ದು ರಷ್ಯನ್ನರ ಲಾರಿಗಳ ಬೆನ್ನೇರಿ. ಅವರಿಗಿಂತ ಮೂರು ದಶಕ ಮೊದಲು, 1973ರಲ್ಲಿ, ಟೆಡ್ ಸೈಮನ್ ಎಂಬ ಪತ್ರಕರ್ತ 500 ಸಿಸಿಯ ಒಂದು ಟ್ರಯಂಫ್ ಬೈಕಿನಲ್ಲಿ ಲೋಕ ಸುತ್ತಲು ಹೊರಟು, ಭಾರತವನ್ನೂ ಹಾದು, ನಾಲ್ಕು ವರ್ಷಗಳ ಮೇಲೆ ಮನೆ ಸೇರಿದ. ದಾರಿಯಲ್ಲಿ ಕೆಟ್ಟು ನಿಂತ ದಿನಗಳಿಂದಲೇ ಅವನ ಪುಸ್ತಕದ ಒಳ್ಳೆಯ ಪುಟಗಳು ಹುಟ್ಟಿವೆ. ಕೆಟ್ಟು ನಿಂತಾಗ ಜನ ಬರುತ್ತಾರೆ.

ಇಲ್ಲಿಗೆ ಬರಹ ಮುಗಿಸಿ, 'ಹಗುರವಾಗಿ ಹೊರಡಿ, ಜನರನ್ನು ನಂಬಿ' ಎಂದುಬಿಡುವುದು ಸುಲಭ. ಹಲವರು ಹಾಗೆಯೇ ಹೇಳುತ್ತಾರೆ. ಆದರೆ ಕೆಟ್ಟು ನಿಂತವನ ಬಳಿ ಬರುವ ಜನ ಎಲ್ಲರ ಬಳಿಗೂ ಒಂದೇ ಮನಸ್ಸಿನಿಂದ ಬರುತ್ತಾರೆಯೆ?

ಅಮೆರಿಕದ ಬೆಸ್ಸಿ ಸ್ಟ್ರಿಂಗ್‌ಫೀಲ್ಡ್ ಕಪ್ಪು ಜನಾಂಗದ ಹೆಣ್ಣುಮಗಳು. 1930ರ ದಶಕದಲ್ಲಿ ಮೋಟಾರ್ ಬೈಕಿನಲ್ಲಿ ಒಬ್ಬಳೇ ಆ ದೇಶ ಸುತ್ತಿದವಳು. ನಕ್ಷೆಯ ಮೇಲೆ ನಾಣ್ಯ ಎಸೆದು ಅದು ಬಿದ್ದ ಕಡೆಗೆ ಹೊರಡುತ್ತಿದ್ದೆ ಎಂದು ಆಕೆ ಹೇಳಿಕೊಂಡಿದ್ದಾಳೆ. ಇದಕ್ಕಿಂತ ದೊಡ್ಡ ಸಾಹಸಿ ಬೇಕೆ? ಆದರೆ ರಾತ್ರಿಯಾದರೆ ಬಿಳಿಯರ ಹೋಟೆಲುಗಳಲ್ಲಿ ಅವಳಿಗೆ ಜಾಗವಿರಲಿಲ್ಲ. ತನ್ನ ಜನರ ಮನೆ ಸಿಕ್ಕರೆ ಅಲ್ಲಿ, ಇಲ್ಲವಾದರೆ ಪೆಟ್ರೋಲ್ ಬಂಕಿನ ಆವರಣದಲ್ಲಿ ಬೈಕಿನ ಮೇಲೆಯೇ, ಹ್ಯಾಂಡಲ್ಲಿಗೆ ಜಾಕೆಟ್ಟನ್ನು ದಿಂಬಾಗಿಸಿ ಮಲಗುತ್ತಿದ್ದಳು. ಅದೇ ಕಾಲದಲ್ಲಿ, 1936ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್ಮಿನ ಅಂಚೆಯವನಾದ ವಿಕ್ಟರ್ ಹ್ಯೂಗೋ ಗ್ರೀನ್ ಒಂದು ಕೈಪಿಡಿ ಹೊರತಂದ. ಕಪ್ಪು ಪ್ರಯಾಣಿಕರಿಗೆ ಯಾವ ಊರಿನಲ್ಲಿ ಯಾರು ಊಟ, ಹಾಸಿಗೆ, ಪೆಟ್ರೋಲ್ ಕೊಡುತ್ತಾರೆ ಎಂಬ ಪಟ್ಟಿ ಅದು. ಮೂರು ದಶಕ ಅದು ಅಚ್ಚಾಗುತ್ತಲೇ ಇತ್ತು. ಆ ಕಾಲದ ಕಪ್ಪು ಕುಟುಂಬಗಳು ದೂರ ಹೊರಟರೆ ಕಾರಿನಲ್ಲಿ ಬುತ್ತಿ, ನೀರು, ಕಂಬಳಿ, ಪೆಟ್ರೋಲ್ ಕ್ಯಾನು, ಕೊನೆಗೆ ಶೌಚಕ್ಕೊಂದು ಬಕೆಟ್ಟನ್ನೂ ಇಟ್ಟುಕೊಳ್ಳುತ್ತಿದ್ದರು. ಇಂದಿನ ಕ್ಯಾಂಪಿಂಗ್ ಪಟ್ಟಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅವರದು ಯಾವ ಹವ್ಯಾಸವೂ ಆಗಿರಲಿಲ್ಲ.

ಅಮೆರಿಕದ ಕತೆ ಹೇಳಿ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. 1325ರಲ್ಲಿ ಟಾಂಜಿಯರ್ ಬಿಟ್ಟ ಇಬ್ನ್ ಬತೂತ 1340ರ ದಶಕದಲ್ಲಿ ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಹಾದು ಮಲಬಾರಿಗೆ ಹೋದ. ಆ ದಾರಿಯಲ್ಲಿ ಅರ್ಧ ಮೈಲಿಗೊಂದು ಮರದ ತಂಗುಮನೆ, ಕೂರಲು ಜಗಲಿ, ಪಕ್ಕದಲ್ಲೊಂದು ಬಾವಿ, ನೀರು ಕೊಡಲೆಂದೇ ಒಬ್ಬ ಮನುಷ್ಯ ಇದ್ದುದನ್ನು ಬೆರಗಿನಿಂದ ಬರೆದಿದ್ದಾನೆ. ನಮ್ಮ ಅರವಟ್ಟಿಗೆಗಳ ಹಳೆಯ ರೂಪ ಎನ್ನೋಣ. ಡೇರೆ, ಒಲೆ, ಕ್ಯಾನು ಯಾವುದೂ ಇಲ್ಲದೆ ನಡೆದುಹೋಗಬಹುದಾದ ದಾರಿ. ಆದರೆ ಅವನು ಇನ್ನೊಂದನ್ನೂ ಗಮನಿಸಿದ್ದಾನೆ: ಬಂದವನು ಹಿಂದೂವಾದರೆ ಪಾತ್ರೆಯಲ್ಲಿ ನೀರು, ಮುಸಲ್ಮಾನನಾದರೆ ಬೊಗಸೆಗೆ ಸುರಿಯುವುದು. ನೀರಂತೂ ಇಬ್ಬರಿಗೂ ಸಿಗುತ್ತಿತ್ತು, ಅದು ಸಣ್ಣ ಮಾತಲ್ಲ. ಬಾಯಾರಿ ಬಂದವನು ಯಾರು ಎಂಬ ಪ್ರಶ್ನೆ ಮಾತ್ರ ನೀರಿಗಿಂತ ಮೊದಲೇ ಬಾವಿಕಟ್ಟೆಯ ಮೇಲೆ ಕುಳಿತಿತ್ತು.

ನೀರೂ ಸಿಗದವರಿದ್ದರು. ಅಂಬೇಡ್ಕರ್ ತಮ್ಮ ಆತ್ಮಕಥನದ ಬರಹದಲ್ಲಿ 1901ರ ಒಂದು ಪ್ರಯಾಣವನ್ನು ಹೇಳಿದ್ದಾರೆ. ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ತಂದೆಯ ಬಳಿಗೆ ಹೊರಟ ಮಕ್ಕಳು ಅವರು. ರೈಲಿಳಿದರೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಎತ್ತುಗಳನ್ನು ತಾವೇ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿ ಬೇಕಾದಷ್ಟಿತ್ತು, ಕುಡಿಯಲು ನೀರಿರಲಿಲ್ಲ. ಸುಂಕದ ಕಟ್ಟೆಯಲ್ಲಿ ತಾವು ಮುಸಲ್ಮಾನರೆಂದು ಹೇಳಿ ಉರ್ದುವಿನಲ್ಲೇ ಕೇಳಿದರೂ ಸಿಗಲಿಲ್ಲ. ಎದುರಿಗೆ ಊಟವಿಟ್ಟುಕೊಂಡು ಹಸಿದು ಮಲಗಿದರು. ಏನೇನು ಹೊತ್ತುಕೊಂಡರೂ ಸಾಲದೆ ಹೋಗಬಹುದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಪ್ರವಾಸಕಥನ ನನಗೆ ಗೊತ್ತಿಲ್ಲ. ಅದೇ ಬರಹದಲ್ಲಿ 1934ರ ದೌಲತಾಬಾದಿನ ಪ್ರಸಂಗವೂ ಇದೆ. ಕೋಟೆ ನೋಡಲು ಬಂದ ಅಂಬೇಡ್ಕರ್ ಮತ್ತು ಸಂಗಡಿಗರು ಬಾಗಿಲ ಬಳಿಯ ಕೆರೆಯಲ್ಲಿ ಮುಖ ತೊಳೆದದ್ದಕ್ಕೆ ನೀರು ಮೈಲಿಗೆಯಾಯಿತೆಂದು ಕೂಗಾಡಿದವರು ಮುಸಲ್ಮಾನರು. ಕೊನೆಗೆ ಕೋಟೆಯೊಳಗೆ ಬಿಟ್ಟದ್ದು, ಎಲ್ಲೂ ನೀರು ಮುಟ್ಟದಂತೆ ನೋಡಿಕೊಳ್ಳಲು ಒಬ್ಬ ಕಾವಲಿನವನನ್ನು ಜೊತೆಗೆ ಕಳಿಸಿ. ಈ ಪುಟವನ್ನು ನಾವು ಬೇಗ ಮಗುಚಿಬಿಡುತ್ತೇವೆ. ಮಗುಚಬಾರದು. ಜಕಾತಿಗೆ ಹಕ್ಕುಳ್ಳ ಎಂಟು ವರ್ಗಗಳಲ್ಲಿ ದಾರಿಹೋಕನನ್ನೂ ಸೇರಿಸಿ, ಊರಿನಲ್ಲಿ ಅವನು ಸಿರಿವಂತನಾದರೂ ದಾರಿಯಲ್ಲಿ ಕೈ ಬರಿದಾದರೆ ಅವನಿಗೆ ಪಾಲುಂಟು ಎಂದು ನಂಬುವವರ ಅಂಗಳದಲ್ಲಿ ನಡೆದದ್ದು ಅದು.

ಇನ್ನು ಇಂದಿನ ಮಾತು. ನನಗೆ ಗೊತ್ತಿರುವ ಒಬ್ಬ ಯುವಕ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಒಳ್ಳೆಯ ಸವಾರ. ಘಟ್ಟದ ಒಂದು ಊರಿನಲ್ಲಿ ಫೋನಿನಲ್ಲೇ ಕೋಣೆ ಮಾತಾಡಿಕೊಂಡು ಹೋಗಿದ್ದ. ಮಳೆಯಲ್ಲಿ ನೆನೆದು ಸಂಜೆ ತಲುಪಿದಾಗ ಮಾಲೀಕರು ನಗುತ್ತಲೇ ಬರಮಾಡಿಕೊಂಡರಂತೆ. ಆಧಾರ್ ಕಾರ್ಡು ಕೈಗೆ ತೆಗೆದುಕೊಂಡು ಹೆಸರು ಓದಿದ ಮೇಲೆ ಒಂದು ಫೋನು ಬಂದಂತೆ ಒಳಗೆ ಹೋದರು. ಹೊರಗೆ ಬಂದು, 'ಬೇರೆಯವರು ಮೊದಲೇ ಬುಕ್ ಮಾಡಿದ್ದು ಮರೆತೇಹೋಗಿತ್ತು, ಬೇಜಾರು ಮಾಡಿಕೊಳ್ಳಬೇಡಿ' ಎಂದರು. ಇದನ್ನು ಹೇಳುವಾಗ ಅವನಿಗೆ ಸಿಟ್ಟು ಇರಲಿಲ್ಲ. 'ಅವರು ಕೆಟ್ಟವರಲ್ಲ ಸರ್, ಛತ್ರಿ ಕೊಡಲೂ ಬಂದರು' ಎಂದ. ಮುಂದಿನ ತಿಂಗಳ ಸಂಬಳದಲ್ಲಿ ಎರಡು ಕಿಲೋ ತೂಕದ ಡೇರೆ, ಮಲಗುವ ಚೀಲ, ಚಾಪೆ ಕೊಂಡ. ಈಗ ಆಫೀಸಿನಲ್ಲಿ ಅವನದೇ ನಿಜವಾದ ಅಡ್ವೆಂಚರ್ ಎಂದು ಗೆಳೆಯರು ಹೊಗಳುತ್ತಾರೆ. ಅವನು ಅವರಿಗೆ ಕಾರಣ ಹೇಳಿಲ್ಲ. ನನ್ನ ಬಳಿ ಹೇಳಿದ: 'ಡೇರೆ ಹೆಸರು ಕೇಳುವುದಿಲ್ಲವಲ್ಲ ಸರ್.'

ಹಗುರವಾಗಿ ಹೋಗು, ಜನರನ್ನು ನಂಬು ಎಂದು ಇವನಿಗೆ ಹೇಳುವುದು ಹೇಗೆ? ಹೇಳುವವನ ಹೆಸರಿಗೆ ಎಲ್ಲ ಬಾಗಿಲುಗಳೂ ತೆರೆಯುತ್ತವಾದರೆ ಆ ಉಪದೇಶಕ್ಕೆ ಬೆಲೆ ಏನು? ಒಂಟಿಯಾಗಿ ಹೊರಡುವ ಹೆಣ್ಣುಮಗಳ ಪಟ್ಟಿಯಲ್ಲಿ ಗಂಡಸಿಗೆ ಹೊಳೆಯದ ವಸ್ತುಗಳಿರುತ್ತವೆ. ಅವುಗಳನ್ನು ನೋಡಿ 'ಇಷ್ಟೆಲ್ಲ ಯಾಕೆ' ಎಂದು ನಗುವವರೂ ಇದ್ದಾರೆ. ಹೊರೆಯ ಗಾತ್ರ ನೋಡಿ ಹೊತ್ತವನ ಮನಸ್ಸು ಅಳೆಯಬಾರದು. ಆ ಹೊರೆಯನ್ನು ಹೊರಿಸಿದವರು ಬೇರೆಯವರಿರಬಹುದು.

ಆದರೆ ಡೇರೆ ಕೊಂಡ ಮೇಲೂ ಅವನ ಪ್ರಶ್ನೆ ಬಗೆಹರಿಯಲಿಲ್ಲ. ಹೆಸರು ಕೇಳದ ಡೇರೆ ರಾತ್ರಿ ಟಾರ್ಚು ಹಿಡಿದು ಬರುವವರನ್ನೂ ತಡೆಯುವುದಿಲ್ಲ. ಕಾಡಿನಂಚಿನಲ್ಲಿ ಒಬ್ಬನೇ ಮಲಗಿದವನ ಬಳಿ ನಾಲ್ಕು ಜನ ಬಂದು 'ಯಾರು ನೀನು, ಇಲ್ಲೇನು ಕೆಲಸ' ಎಂದರೆ ಆಗ ಹೇಳಬೇಕಾದದ್ದು ಅದೇ ಹೆಸರು. ಮತ್ತೆ ಕಾನೂನೂ ಇದೆ: ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಡೇರೆ ಹಾಕುವ, ಬೆಂಕಿ ಹಾಕುವ ಹಾಗಿಲ್ಲ, ಬಂಡೀಪುರದ ದಾರಿಯನ್ನಂತೂ 2009ರಿಂದ ರಾತ್ರಿ 9ಕ್ಕೇ ಮುಚ್ಚುತ್ತಾರೆ. ಹೀಗೆ ಅವನು ಮತ್ತೆ ಜನರ ಬಳಿಗೇ ಬಂದ, ಬೇರೆ ಬಗೆಯಲ್ಲಿ. ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಯಾವುದಾದರೂ ಚಹಾದಂಗಡಿಯ ಮುಂದೆ ನಿಲ್ಲುತ್ತಾನೆ. ಹೆಲ್ಮೆಟ್ಟು ತೆಗೆಯುತ್ತಾನೆ. ಚಹಾ ಹೇಳಿ, ತನ್ನ ಊರು, ತಂದೆಯ ಹೆಸರಿನೊಂದಿಗೆ ತನ್ನ ಪೂರ್ತಿ ಹೆಸರು ಹೇಳುತ್ತಾನೆ. ಆಮೇಲೆ ಶಾಲೆಯ ಅಂಗಳದಲ್ಲೋ ಗದ್ದೆಯ ಬದಿಯಲ್ಲೋ ಒಂದು ರಾತ್ರಿ ಡೇರೆ ಹಾಕಬಹುದೇ ಎಂದು ಕೇಳುತ್ತಾನೆ. ಹೆಸರನ್ನು ಮೊದಲೇ ಯಾಕೆ ಹೇಳುತ್ತೀಯ ಎಂದು ಕೇಳಿದೆ. 'ಆಮೇಲೆ ಜಾಗ ಕೊಟ್ಟರೆ ಅದು ನನಗೇ ಕೊಟ್ಟದ್ದು' ಎಂದ. ಕೊಡದ ಊರುಗಳೂ ಇವೆಯಂತೆ. ಕೊಟ್ಟ ಊರುಗಳು ಹೆಚ್ಚು. ಒಂದು ಕಡೆ ಅಂಗಡಿಯ ಅಜ್ಜಿ ಡೇರೆಯನ್ನು ಮುಟ್ಟಿ ನೋಡಿ, 'ಇದರಲ್ಲಿ ಮಲಗಿದರೆ ಬೆನ್ನು ಹೋಗುತ್ತೆ ಮಗಾ' ಎಂದು ಜಗಲಿಯಲ್ಲೇ ಚಾಪೆ ಹಾಸಿಕೊಟ್ಟಳಂತೆ.

ಇವನ ಡೇರೆ ಮೂರು ಬಣ್ಣದ್ದು, ಹೊಸದು. ಹಿಂದೆ ಎರಡೂವರೆ ಮೂರು ಲಕ್ಷದ ಬೈಕು ನಿಂತಿರುತ್ತದೆ. ಅದೇ ಊರಿನ ಹೊರಗೆ ಹಕ್ಕಿಪಿಕ್ಕಿಗಳದೋ ಬುಡ್ಗಜಂಗಮರದೋ ಹರಕು ತಾಡಪಾಲಿನ ಗುಡಾರ ಎದ್ದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷರು 1871ರಲ್ಲಿ ತಂದ ಕಾನೂನು ಅಲೆಮಾರಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದುಕೊಂಡಿತು. 1952ರಲ್ಲಿ ಅದು ರದ್ದಾದರೂ ಊರಿನವರ ಕಣ್ಣಿನಿಂದ ಹೋಗಿಲ್ಲ. ಮನೆ ಇದ್ದವನು ಡೇರೆಯಲ್ಲಿ ಮಲಗಿದರೆ ಸಾಹಸ, ಮನೆ ಇಲ್ಲದವನು ಮಲಗಿದರೆ ಸಂಶಯ. ಅಂಗಳದಲ್ಲಿ ಜಾಗ ಗಿಟ್ಟಿಸಿದ ಸವಾರ ತನ್ನ ಮಾತಿನ ಚಾತುರ್ಯಕ್ಕೆ, ನಗುಮುಖಕ್ಕೆ ಅದು ಸಿಕ್ಕಿತೆಂದು ತಿಳಿಯಬಾರದು. ಬೈಕಿನ ಬೆಲೆಯೂ ಅವನ ಪರವಾಗಿ ಮಾತಾಡಿದೆ.

ನಂಬಿಕೆಯ ಪ್ರಶ್ನೆಗೆ ಇನ್ನೊಂದು ಮಗ್ಗುಲೂ ಇದೆ. ಹಳ್ಳಿಯವರು ನಮ್ಮನ್ನು ನಂಬುತ್ತಾರೆಯೇ ಎಂದು ಕೇಳುವ ನಾವು, ನಮ್ಮನ್ನು ನಂಬಲು ಅವರಿಗೆ ಏನು ಕಾರಣ ಕೊಟ್ಟಿದ್ದೇವೆ? ಸೈಲೆನ್ಸರ್ ಕಿತ್ತು ಬೇರೆ ಹಾಕಿಸಿಕೊಂಡು ಮಧ್ಯರಾತ್ರಿ ಊರು ನಡುಗಿಸುವುದು, ಹೊಳೆಯ ಬಂಡೆಗಳ ಮೇಲೆ ಬಾಟಲಿ ಒಡೆಯುವುದು, ಬೇಲಿ ದಾಟಿ ಕಾಫಿ ತೋಟದಲ್ಲಿ ಬೆಂಕಿ ಹಾಕುವುದು: ಇವನ್ನೆಲ್ಲ ಕಂಡವರು ಮುಂದಿನ ಬೈಕಿನವನಿಗೆ ಬಾಗಿಲು ತೆರೆಯದಿದ್ದರೆ ಅವರದೇನೂ ತಪ್ಪಿಲ್ಲ. ಬಂದ ಗುಂಪೊಂದು ಕೆಡಿಸಿ ಹೋದ ನಂಬಿಕೆಗೆ ಬೆಲೆ ತೆರುವವನು ಆ ಗುಂಪಿನವನಲ್ಲ; ಮುಂದಿನ ವಾರ ಮಳೆಯಲ್ಲಿ ನೆನೆದು ಬರುವ ಒಂಟಿ ಸವಾರ. ಮೊದಲೇ ಹೆಸರಿನ ಭಾರ ಹೊತ್ತವನಾದರೆ ಅವನಿಗೆ ಅದು ದುಪ್ಪಟ್ಟು. ಹಾಗಾಗಿ ಎಲ್ಲ ಬಾಗಿಲುಗಳೂ ತೆರೆದಿರುವ ಸವಾರನಿಗೆ ನಾನು ಹೇಳುವುದು ಇಷ್ಟೆ: ನಿನ್ನ ಪಟ್ಟಿಯಿಂದ ಒಲೆಯನ್ನು ತೆಗೆದುಬಿಡು. ಊಟಕ್ಕೆ ಯಾರ ಬಳಿಯಾದರೂ ಹೋಗಲೇಬೇಕಾಗಲಿ, ದುಡ್ಡು ಕೊಟ್ಟು ಉಣ್ಣು, ಕುಳಿತು ನಾಲ್ಕು ಮಾತಾಡು. ಅಂಗಡಿಯವರಿಗೆ ಬೈಕಿನ ಹುಡುಗರೆಂದರೆ ಇಂಥವರೂ ಇರುತ್ತಾರೆ ಎಂದು ಗೊತ್ತಾಗಲಿ. ಆ ಉಳಿದ ಒಂದೂವರೆ ಕಿಲೋ ಜಾಗದಲ್ಲಿ ಇನ್ನೊಬ್ಬರ ಗಾಡಿಗೂ ಆಗುವ ಟ್ಯೂಬು, ಪಂಪು ಇರಲಿ. ಆ ಯುವಕನಿಗೆ ಮಾತ್ರ ನಾನು ಏನನ್ನೂ ತೆಗೆ ಎನ್ನಲಾರೆ.

ದಾರಿಬದಿಯಲ್ಲಿ ಮನೆ ಇರುವ ನಮ್ಮ ಪಾಲಿಗೆ ಬರುವ ಕೆಲಸ ಬೇರೆ. ಇಬ್ಬರು ಮಲಗುವ ಡೇರೆಗೆ ಬೇಕಾದದ್ದು ಏಳು ಅಡಿ ಉದ್ದ, ಐದು ಅಡಿ ಅಗಲದ ಸಮನೆಲ. ನಮ್ಮ ಊರಿನ ಶಾಲೆಗೆ, ದೇವಸ್ಥಾನಕ್ಕೆ, ಮಸೀದಿಗೆ, ಚರ್ಚಿಗೆ ಅಷ್ಟು ಜಾಗ ಇದೆ. ಮಗ್ರಿಬ್‌ನ ಹೊತ್ತಿಗೆ ನಮ್ಮ ಮಸೀದಿಯ ಗೇಟಿನ ಮುಂದೆ ಬೈಕು ನಿಲ್ಲಿಸಿ ಯಾರೋ ಒಬ್ಬ ಜಾಗ ಕೇಳಿದರೆ, ಅವನ ಹೆಸರು ನಮ್ಮದರಂತಿಲ್ಲದಿದ್ದರೆ, ಕಮಿಟಿಯವರು ಏನು ಹೇಳುತ್ತಾರೆ? ಹಿಂದೆ ಹಲವು ಮಸೀದಿಗಳ ಜೊತೆ ಮುಸಾಫಿರಖಾನೆ ಎಂಬ ಕೋಣೆ ಇರುತ್ತಿತ್ತು, ಪೇಟೆಗಳಲ್ಲಿ ಛತ್ರಗಳಿದ್ದವು. ಕೆಲವು ಇನ್ನೂ ಇವೆ, ಕೆಲವು ಬಾಡಿಗೆ ಅಂಗಡಿಗಳಾಗಿವೆ. ಕೋಣೆ ಕಟ್ಟಿಸಲು ದುಡ್ಡು ಬೇಕು, ಒಪ್ಪುತ್ತೇನೆ. ಕಂಪೌಂಡ್ ಗೋಡೆಯ ಹೊ­ರಮಗ್ಗುಲಿಗೆ ಒಂದು ನಲ್ಲಿ ಹಾಕಿಸಲು ಪೈಪು, ಪ್ಲಂಬರನ ಅರ್ಧ ದಿನದ ಕೂಲಿ ಸಾಕು. ಈಗ ಎಲ್ಲೆಡೆ ಕಾಂಪೌಂಡ್ ಕಟ್ಟಿಸಿ ಎತ್ತರಿಸುತ್ತಿದ್ದೇವೆ. ನಮ್ಮೂರಿನಲ್ಲಿ ಆ ನಲ್ಲಿ ಗೋಡೆಯ ಯಾವ ಕಡೆ ಇದೆ ಎಂದು ಹೋಗಿ ನೋಡಿದರೆ ಗೊತ್ತಾಗುತ್ತದೆ.